‘ಆಗದಿದ್ದರೆ ದುಡ್ಡು ವಾಪಸ್’

“ಅಣ್ಣಾ, ಭಯಾನೇ ಬೇಡ. ಕೆಲಸ ಆದ್ರೆ ಬ್ಯಾಲೆನ್ಸ್ ಕೊಡಿ, ಆಗ್ದಿದ್ರೆ ಅಡ್ವಾನ್ಸ್ ವಾಪಸ್. ಒಂದ್ ರೂಪಾಯಿ ಮುಟ್ಟಲ್ಲ.”

ಚಿಕ್ಕಬಳ್ಳಾಪುರ ಜಿಲ್ಲೆಯ ಮಂಡಿಕಲ್, ಪೆರೇಸಂದ್ರದ ಕಡೆ ಡಿಗ್ರಿ ಮುಗಿಸಿದ ಮಗನೋ ಮಗಳೋ ಇರುವ ಮನೆಯವರಿಗೆ ಈ ಮಾತು ಹೊಸದಲ್ಲ. ಹೇಳುವವನು ಅಪರಿಚಿತನೂ ಆಗಿರುವುದಿಲ್ಲ. ದೂರದ ನೆಂಟ, ಪಕ್ಕದೂರಿನವನು, ವಿಧಾನಸೌಧದಲ್ಲಿ ‘ನಮ್ಮೋರು’ ಇದ್ದಾರೆ ಅನ್ನುವವನು. ಮಾತು ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ. ಕೇಳಿದವರಿಗೆ ಸಮಾಧಾನ ಕೊಡುವುದು ಕೊನೆಯ ವಾಕ್ಯ. ಆಗದಿದ್ದರೆ ದುಡ್ಡು ವಾಪಸ್ ಅಂದಮೇಲೆ ಕಳೆದುಕೊಳ್ಳುವುದೇನಿದೆ?

ಈ ವ್ಯಾಪಾರದ ಹೂರಣ ಇರುವುದೇ ಆ ವಾಕ್ಯದಲ್ಲಿ. ಒಂದು ಲೆಕ್ಕ ಹಾಕಿ ನೋಡೋಣ. ಊಹೆಯ ಲೆಕ್ಕವೇ, ಆದರೆ ವ್ಯವಹಾರ ನಡೆಯುವುದು ಹೀಗೆ. ಒಬ್ಬ ಬ್ರೋಕರ್ ಇಪ್ಪತ್ತು ಜನರಿಂದ ತಲೆಗೆ ಎರಡು ಲಕ್ಷ ಅಡ್ವಾನ್ಸ್ ತೆಗೆದುಕೊಂಡ ಎನ್ನಿ. ಒಟ್ಟು ನಲವತ್ತು ಲಕ್ಷ. ಆಮೇಲೆ ಅವನು ಮಾಡುವ ಕೆಲಸ ಏನೂ ಇಲ್ಲ. ಯಾರಿಗೂ ಫೋನ್ ಮಾಡುವುದಿಲ್ಲ, ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತುವುದಿಲ್ಲ. ಪರೀಕ್ಷೆ ನಡೆಯುತ್ತದೆ, ಆಯ್ಕೆ ಪಟ್ಟಿ ಬರುತ್ತದೆ. ಇಪ್ಪತ್ತರಲ್ಲಿ ಇಬ್ಬರು ಚೆನ್ನಾಗಿ ಓದಿದ್ದರು, ಸ್ವಂತ ಬಲದಿಂದ ಪಾಸಾದರು. ಬ್ರೋಕರ್ ಅವರ ಮನೆಗೆ ಸಿಹಿ ಹಿಡಿದುಕೊಂಡು ಹೋಗಿ ಬಾಕಿ ವಸೂಲಿ ಮಾಡುತ್ತಾನೆ. ಮಿಕ್ಕ ಹದಿನೆಂಟು ಜನಕ್ಕೆ ವರ್ಷದ ನಂತರ ಅಡ್ವಾನ್ಸ್ ವಾಪಸ್. ಆ ಒಂದು ವರ್ಷ ನಲವತ್ತು ಲಕ್ಷವನ್ನು ಊರಿನ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ಬಿಟ್ಟಿದ್ದರೂ ಒಂಬತ್ತು ಲಕ್ಷ ಅರವತ್ತು ಸಾವಿರ ಹುಟ್ಟಿತು. ಹೀಗೆ ‘ಪ್ರಾಮಾಣಿಕವಾಗಿ’ ನಡೆದುಕೊಂಡರೇ ಇಷ್ಟು ಲಾಭ. ಹದಿನೆಂಟರಲ್ಲಿ ಹತ್ತು ಜನಕ್ಕೆ ಕೈ ಎತ್ತಿದರೆ ಎಷ್ಟೆಂದು ನೀವೇ ಲೆಕ್ಕ ಹಾಕಿಕೊಳ್ಳಿ.

ಬೇಸರದ ಸಂಗತಿ ಎಂದರೆ ಪಾಸಾದ ಆ ಇಬ್ಬರೇ ಮುಂದೆ ಅವನ ಜಾಹೀರಾತು ಆಗುತ್ತಾರೆ. “ಅವರಿಂದಲೇ ಆಯ್ತು” ಎಂದು ಅವರ ಅಪ್ಪ ಊರಿಗೆಲ್ಲ ಹೇಳುತ್ತಾರೆ. ರಾತ್ರಿ ಎರಡು ಗಂಟೆಯವರೆಗೆ ಓದಿದ ಹುಡುಗಿಯ ಶ್ರಮದ ಹೆಸರು ಬ್ರೋಕರ್ ಖಾತೆಗೆ ಜಮಾ. ಮೋಸ ಹೋದವರಿಗಿಂತ ಈ ಮಗಳಿಗೆ ಆಗುವ ಅನ್ಯಾಯವೇ ದೊಡ್ಡದೆಂದು ನನಗೆ ಅನ್ನಿಸುತ್ತದೆ.

ಇಂಥ ಮಾತನ್ನು ಪರೀಕ್ಷೆಗೆ ಒಡ್ಡುವ ವಿದ್ಯೆಯನ್ನು ದೂರದಿಂದ ತರಬೇಕಾಗಿಲ್ಲ. ಅದನ್ನು ಕಲಿಸಿದವರು ಇದೇ ಜಿಲ್ಲೆಯವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರ ಜೂನ್ 6ರಂದು ಹುಟ್ಟಿದ ಎಚ್. ನರಸಿಂಹಯ್ಯ. ಬಡ ಮನೆ. ಊರಿನಲ್ಲಿ ಹೈಸ್ಕೂಲು ಇಲ್ಲ, ಬಸ್ಸಿಗೆ ದುಡ್ಡಿಲ್ಲ. 1935ರಲ್ಲಿ ಸುಮಾರು ಎಂಬತ್ತು ಕಿಲೋಮೀಟರು ನಡೆದೇ ಬೆಂಗಳೂರು ಸೇರಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿದ ಹುಡುಗ. 1942ರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದರು, ಹೊರಬಂದು ಬಿಟ್ಟಲ್ಲಿಂದ ಓದು ಮುಂದುವರಿಸಿದರು. 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಮೇಷ್ಟ್ರಾದರು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಪರಮಾಣು ಭೌತವಿಜ್ಞಾನದಲ್ಲಿ ಪಿಎಚ್‌ಡಿ ಪಡೆದಾಗ 1960, ಅಂದರೆ ವಯಸ್ಸು ನಲವತ್ತು. ಆಮೇಲೆ ಅದೇ ಕಾಲೇಜಿನ ಪ್ರಾಂಶುಪಾಲರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಇಷ್ಟಾದರೂ ವಾಸ ಮಾತ್ರ ಕಾಲೇಜು ಹಾಸ್ಟೆಲಿನ ಕೋಣೆಯಲ್ಲಿ. ಆತ್ಮಕಥೆಗೆ ‘ಹೋರಾಟದ ಹಾದಿ’ ಎಂದು ಹೆಸರಿಟ್ಟರು. ಎಚ್ಚೆನ್ ಎಂದರೆ ಇಂದಿಗೂ ಜನಕ್ಕೆ ನೆನಪಾಗುವುದು ಗಾಂಧಿ ಟೋಪಿ ಮತ್ತು ‘ಏಕೆ? ಹೇಗೆ?’ ಎಂಬ ಪ್ರಶ್ನೆ.

ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನೂ ಪರೀಕ್ಷಿಸಲು ಸಾಧ್ಯವಿರುವ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಅವರು ಒಂದು ಸಮಿತಿ ಮಾಡಿದರು. ಪುಟ್ಟಪರ್ತಿಯ ಸಾಯಿಬಾಬಾ ಅವರಿಗೆ ಸಮಿತಿಯ ಮುಂದೆ ಪವಾಡ ತೋರಿಸುವಂತೆ ಪತ್ರ ಬರೆದರು, ಉತ್ತರ ಬರಲಿಲ್ಲ. ಪುಟ್ಟಪರ್ತಿ ಬಾಗೇಪಲ್ಲಿಯ ಗಡಿ ದಾಟಿದರೆ ಸಿಗುವ ಊರು, ನಮ್ಮ ಕಡೆ ಭಕ್ತರಿಗೇನೂ ಕೊರತೆ ಇರಲಿಲ್ಲ. ಹೀಗಿರುವಾಗ ಆ ಪತ್ರ ಬರೆಯಲು ಎಂಥ ಎದೆ ಬೇಕಿತ್ತೆಂದು ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಅದೇ ಸಮಯದಲ್ಲಿ ಪಾಂಡವಪುರದಲ್ಲಿ ಒಬ್ಬ ಪುಟ್ಟ ಹುಡುಗ ಬರಿಗೈಯಲ್ಲಿ ವಿಭೂತಿ ಸೃಷ್ಟಿಸುತ್ತಾನೆಂದು ಜನ ಮುಗಿಬೀಳುತ್ತಿದ್ದರು. ಸಮಿತಿಯವರು ಹೋದರು, ನೋಡಿದರು, ಹುಡುಗನ ಅಂಗಿ ತೆಗೆಸಿದರು. ಅಂಗಿಯೊಳಗೆ ಬಚ್ಚಿಟ್ಟಿದ್ದ ವಿಭೂತಿ ಹೊರಬಿತ್ತು. ತಪ್ಪು ಮಗುವಿನದಲ್ಲ, ಅಂಗಿ ತೊಡಿಸಿದ ದೊಡ್ಡವರದು.

ಸಮಿತಿ ಅಲ್ಲಿ ವಾದ ಮಾಡುತ್ತ ಕೂರಲಿಲ್ಲ ಎಂಬುದನ್ನು ಗಮನಿಸಬೇಕು. ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆಯೂ ಅಲ್ಲಿ ನಡೆಯಲಿಲ್ಲ. ಮೋಸವಿದ್ದರೆ ಅದು ಎಲ್ಲಿ ಅಡಗಿರಬಹುದೋ ಅಲ್ಲಿಗೆ ನೇರವಾಗಿ ಕೈ ಹಾಕಿದರು. ಕೆಲಸ ಕೊಡಿಸುವವನಿಗೂ ಅಂಗಿ ತೆಗೆಸುವಂಥ ಪ್ರಶ್ನೆಗಳಿವೆ. “ಅಧಿಸೂಚನೆಯ ಸಂಖ್ಯೆ, ತಾರೀಖು ಹೇಳಿ.” “ಆಯ್ಕೆ ಯಾವುದರ ಮೇಲೆ? ಪರೀಕ್ಷೆಯೋ, ಎಸ್ಸೆಸ್ಸೆಲ್ಸಿ ಅಂಕವೋ? ಅದರಲ್ಲಿ ನಿಮ್ಮ ಕೈ ಆಡುವುದು ಯಾವ ಹಂತದಲ್ಲಿ?” ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದು ನಗು, “ಅದೆಲ್ಲ ನಿಮಗ್ಯಾಕೆ ಅಣ್ಣಾ.” ಅಲ್ಲಿಗೆ ಎದ್ದು ಬರಬಹುದು.

ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಕೆಲಸವನ್ನೇ ತೆಗೆದುಕೊಳ್ಳಿ. ‘ಪೋಸ್ಟಾಫೀಸಲ್ಲಿ ಕೆಲಸ’ ಎಂದು ಹಳ್ಳಿಗಳಲ್ಲಿ ದುಡ್ಡು ಕೇಳುವವರಿದ್ದಾರೆ. ಅದಕ್ಕೆ ಪರೀಕ್ಷೆ ಇಲ್ಲ, ಸಂದರ್ಶನವೂ ಇಲ್ಲ. ಹತ್ತನೇ ತರಗತಿಯ ಅಂಕ ಹಾಕಿ ಆನ್‌ಲೈನಿನಲ್ಲಿ ಅರ್ಜಿ ಕೊಟ್ಟರೆ ಕಂಪ್ಯೂಟರ್ ಮೆರಿಟ್ ಪಟ್ಟಿ ತಯಾರಿಸುತ್ತದೆ. ನಿಮ್ಮ ಅಂಕ ಬ್ರೋಕರನಿಗೂ ಅಷ್ಟೇ, ಮಂತ್ರಿಗೂ ಅಷ್ಟೇ. ಗ್ರಾಮ ಲೆಕ್ಕಿಗರ ಹುದ್ದೆಯ ಕಥೆ ಬೇರೆ. ಹಿಂದೆ ಪಿಯುಸಿ ಅಂಕದ ಮೇಲೆ ಆಯ್ಕೆ ನಡೆಯುತ್ತಿತ್ತು. ಈಗ ಅದು ಗ್ರಾಮ ಆಡಳಿತ ಅಧಿಕಾರಿ ಹುದ್ದೆ. 2024ರಲ್ಲಿ ಸಾವಿರ ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸ್ಪರ್ಧಾತ್ಮಕ ಪರೀಕ್ಷೆ ನಡೆಸಿತು. ‘ಪಿಯುಸಿ ಮಾರ್ಕ್ಸ್ ಕಾರ್ಡ್ ಕೊಡಿ, ಲಿಸ್ಟಲ್ಲಿ ಸೇರಿಸ್ತೀನಿ’ ಅನ್ನುವವನಿಗೆ ನಿಯಮ ಬದಲಾಗಿದ್ದೂ ಗೊತ್ತಿಲ್ಲ ಎಂದಾಯಿತು.

ಹೊರಗುತ್ತಿಗೆ ಕೆಲಸಕ್ಕೂ ದುಡ್ಡು ಕೇಳುತ್ತಾರೆ, ‘ಎರಡು ವರ್ಷದಲ್ಲಿ ಪರ್ಮನೆಂಟ್’ ಎಂಬ ಆಸೆ ಸೇರಿಸಿ. ಇದಕ್ಕೆ ಉತ್ತರ ಕರ್ನಾಟಕದ್ದೇ ಒಂದು ಕೇಸಿನಲ್ಲಿದೆ. ಉಮಾದೇವಿ ಪ್ರಕರಣ ಎಂದೇ ಹೆಸರಾದ, 2006ರ ಏಪ್ರಿಲ್ 10ರ ಸುಪ್ರೀಂ ಕೋರ್ಟ್ ತೀರ್ಪು. ನಿಯಮಬದ್ಧ ನೇಮಕಾತಿ ಇಲ್ಲದೆ ಒಳಬಂದವರು ಕಾಯಂ ಮಾಡಿ ಎಂದು ಹಕ್ಕಿನಿಂದ ಕೇಳುವಂತಿಲ್ಲ ಎಂದು ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು.

“ಹಾಗಾದರೆ ನಿಜವಾಗಿ ದುಡ್ಡು ಕೊಟ್ಟು ಕೆಲಸ ತೆಗೆದುಕೊಂಡವರು ಇಲ್ಲವೇ?” ಎಂದು ಕೇಳಿದರೆ, ಇದ್ದಾರೆ ಎನ್ನಲೇಬೇಕು. ಅವರ ಗತಿ ಏನಾಯಿತು ಎಂಬುದಕ್ಕೆ ಪಿಎಸ್‌ಐ ಹಗರಣ ಕಣ್ಣೆದುರಿಗಿದೆ. 545 ಹುದ್ದೆ. 2021ರ ಅಕ್ಟೋಬರ್ 3ರಂದು ಪರೀಕ್ಷೆ, ಬರೆದವರು ಐವತ್ನಾಲ್ಕು ಸಾವಿರ ಮಂದಿ. ಕಲಬುರಗಿಯ ಕೇಂದ್ರವೊಂದರಲ್ಲಿ ಕೆಲವರು ಖಾಲಿ ಬಿಟ್ಟಿದ್ದ ಓಎಂಆರ್ ಹಾಳೆಗಳನ್ನು ಆಮೇಲೆ ತುಂಬಲಾಗಿತ್ತು. ಸಿಐಡಿಯವರು ಅಭ್ಯರ್ಥಿಗಳ ಬಳಿ ಉಳಿದಿದ್ದ ಕಾರ್ಬನ್ ಪ್ರತಿಗಳನ್ನು ತರಿಸಿಕೊಂಡು ಪಕ್ಕಪಕ್ಕ ಇಟ್ಟು ನೋಡಿದರು. 2022ರ ಏಪ್ರಿಲ್‌ನಲ್ಲಿ ಸರ್ಕಾರ ಇಡೀ ಪರೀಕ್ಷೆಯನ್ನೇ ರದ್ದು ಮಾಡಿತು. ಜುಲೈನಲ್ಲಿ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕರೇ ಬಂಧನಕ್ಕೊಳಗಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ಕಷ್ಟಪಟ್ಟು ಪಾಸಾಗಿದ್ದವರ ಎರಡು ವರ್ಷಕ್ಕೂ ಹೆಚ್ಚು ಕಾಲ ಇದರಲ್ಲಿ ಹಾಳಾಯಿತು. ಜಮೀನು ಮಾರಿ ಕೊಟ್ಟವರಿಗೆ ಜಮೀನೂ ಹೋಯಿತು, ಕೆಲಸವೂ ಹೋಯಿತು, ಮೇಲೆ ಕ್ರಿಮಿನಲ್ ಕೇಸು. ಬ್ರೋಕರ್ ಸುಳ್ಳು ಹೇಳಿದರೆ ದುಡ್ಡು ಮಾತ್ರ ಹೋಗುತ್ತದೆ. ನಿಜ ಹೇಳಿದ್ದರೆ ಇನ್ನೂ ಅಪಾಯ.

ಅಡ್ಡದಾರಿ ನೌಕರಿಗೆ ಮಾತ್ರ ಇರುವುದಲ್ಲ. ಶಾಶ್ವತವಾಗಿ ಹರಿಯುವ ನದಿಯಿಲ್ಲದ ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ದುಡ್ಡು ನುಂಗುವುದು ಭೂಮಿಯೊಳಗಿನ ತೂತು. ಬೋರು ಸಾವಿರ, ಸಾವಿರದೈನೂರು ಅಡಿ ಇಳಿದಿದೆ. ತಮಿಳುನಾಡಿನ ತಿರುಚೆಂಗೋಡಿನ ಬೋರ್ ಲಾರಿ ಬಂದು ನಿಲ್ಲುವ ಮೊದಲು ತೆಂಗಿನಕಾಯಿಯವರು ಬಂದು ಹೋಗಿರುತ್ತಾರೆ. ನೋಡಿದ್ದೀರಲ್ಲ? ಸಿಪ್ಪೆ ಸುಲಿದು ಜುಟ್ಟು ಉಳಿಸಿದ ಕಾಯಿಯನ್ನು ಅಂಗೈ ಮೇಲೆ ಉದ್ದಕ್ಕೆ ಮಲಗಿಸಿ, ಕಣ್ಣು ಕಾಯಿಯ ಮೇಲೇ ನೆಟ್ಟು ಹೊಲದಲ್ಲಿ ನಿಧಾನ ನಡೆಯುತ್ತಾರೆ. ಒಂದು ಕಡೆ ಕಾಯಿ ಅಲುಗುತ್ತದೆ, ಎದ್ದು ನಿಲ್ಲುತ್ತದೆ. “ಇಲ್ಲೇ ಪಾಯಿಂಟು. ಮೂರಿಂಚು ನೀರು.” ಅಂಗೈ ಒಂದೆಳೆ ಓರೆಯಾದರೂ ಕಾಯಿ ಏಳುತ್ತದೆ. ನಡೆಯುವವನು ಬೇಕೆಂದು ಓರೆ ಮಾಡುತ್ತಿರುವುದಿಲ್ಲ. ಇಲ್ಲಿ ನೀರಿರಬೇಕು ಎಂದು ಮನಸ್ಸು ಎಣಿಸಿದ ಕಡೆ ಸ್ನಾಯು ತನಗೆ ತಾನೇ ಸಣ್ಣಗೆ ಮಿಸುಕುತ್ತದೆ. ಆದ್ದರಿಂದ ಇವರಲ್ಲಿ ಎಷ್ಟೋ ಜನ ಮೋಸಗಾರರಲ್ಲ. ತಮ್ಮ ವಿದ್ಯೆಯನ್ನು ಮನಸಾರೆ ನಂಬಿದವರು. ನಿಮ್ಮ ದುಡ್ಡು ಹೋಗುವುದರಲ್ಲಿ ಅದರಿಂದೇನೂ ವ್ಯತ್ಯಾಸವಿಲ್ಲ ಅನ್ನಿ.

ಪರೀಕ್ಷೆ ಸುಲಭ. ಎರಡು ಬೇರೆ ದಿನ, ಇಬ್ಬರನ್ನು ಬೇರೆ ಬೇರೆಯಾಗಿ ಕರೆಸಿ. ಮೊದಲನೆಯವರು ತೋರಿಸಿದ ಜಾಗದಲ್ಲಿ ಕಲ್ಲು, ಕಡ್ಡಿ, ಸುಣ್ಣದ ಗುರುತು ಏನೂ ಉಳಿಸಬೇಡಿ. ಹತ್ತಿರದ ಗಟ್ಟಿ ವಸ್ತುಗಳಿಂದ ಹೆಜ್ಜೆ ಅಳೆದು ಬರೆದಿಟ್ಟುಕೊಳ್ಳಿ. ಇಬ್ಬರ ಪಾಯಿಂಟೂ ಒಂದೇ ಆಗುತ್ತದೋ ನೋಡಿ. ಇಲ್ಲವೇ ಒಬ್ಬರನ್ನೇ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಇನ್ನೊಮ್ಮೆ ನಡೆಯಿರಿ ಎಂದು ಕೇಳಿ. ಭೂವಿಜ್ಞಾನಿಯನ್ನು ಕರೆಸಿದರೆ ಅವರು ನೆಲಕ್ಕೆ ಕಬ್ಬಿಣದ ಕಡ್ಡಿ ನೆಟ್ಟು, ವಿದ್ಯುತ್ ಹರಿಸಿ, ಯಾವ ಆಳದಲ್ಲಿ ಬಂಡೆ ಬಿರುಕು ಬಿಟ್ಟಿರಬಹುದೆಂದು ಅಂದಾಜು ಮಾಡುತ್ತಾರೆ. ಆದರೆ ‘ನೀರು ಸಿಗುವ ಸಾಧ್ಯತೆ ಇದೆ’ ಎಂದಷ್ಟೇ ಬರೆದುಕೊಡುತ್ತಾರೆ, ಇಂಚಿನ ಲೆಕ್ಕ ಹೇಳುವುದಿಲ್ಲ. ರೈತರಿಗೆ ಅವರ ಮೇಲೆ ನಂಬಿಕೆ ಹುಟ್ಟದಿರುವುದು ಈ ಕಾರಣಕ್ಕೇ. ನಾನು ಇದನ್ನು ತಿರುಗಿಸಿ ಹೇಳುತ್ತೇನೆ: ಗ್ಯಾರಂಟಿ ಕೊಡಲು ಆಗುವುದಿಲ್ಲ ಎನ್ನುವವರ ಮಾತನ್ನೇ ಮೊದಲು ಕೇಳಿ. ಮೂರನೇ ಬೋರಿಗೆ ಸಾಲ ಮಾಡುವ ಮೊದಲು ಅದೇ ದುಡ್ಡಿನ ಒಂದು ಪಾಲನ್ನು ಕೃಷಿ ಹೊಂಡ, ಹನಿ ನೀರಾವರಿ, ಇರುವ ಬೋರಿಗೆ ಮಳೆನೀರು ಇಂಗಿಸುವ ಗುಂಡಿ, ಇವಕ್ಕೆ ಹಾಕಿದರೆ ಏನಾಗುತ್ತದೆಂದು ಮನೆಯವರೆಲ್ಲ ಕೂತು ಲೆಕ್ಕ ಮಾಡುವುದೂ ಒಳ್ಳೆಯದು.

ಹಣ ದುಪ್ಪಟ್ಟು ಮಾಡುವವರ ವಿಷಯ ಚಿಕ್ಕದು. ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರದಲ್ಲಿ, 2023ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇ 7.5ರ ಬಡ್ಡಿಗೆ, ದುಡ್ಡು ಎರಡರಷ್ಟಾಗಲು 115 ತಿಂಗಳು ಬೇಕು. ಒಂಬತ್ತೂವರೆ ವರ್ಷಕ್ಕಿಂತ ಜಾಸ್ತಿ. ಯಾರೇ ಇದಕ್ಕಿಂತ ಬಹಳ ಬೇಗ ಮಾಡಿಕೊಡುತ್ತೇನೆ ಎಂದರೆ ಆ ದುಡ್ಡು ಎಲ್ಲಿ ದುಡಿಯುತ್ತದೆ ಎಂದು ಕೇಳಬೇಕು. ತಿಂಗಳಿಗೆ ಶೇ 2.5ರಿಂದ 3ರಷ್ಟು ‘ಲಾಭ’ ಹಂಚುತ್ತಿದ್ದ ಬೆಂಗಳೂರಿನ ಐಎಂಎ ಎಂಬ ಕಂಪನಿ 2019ರ ಜೂನ್‌ನಲ್ಲಿ ಬಾಗಿಲು ಮುಚ್ಚಿತು. ಹೊಸಬರ ಠೇವಣಿಯೇ ಹಳಬರ ಲಾಭವಾಗಿತ್ತು. ಚೀಟಿ ಹಾಕುವವರು ಚೀಟಿ ನೋಂದಣಿಯಾಗಿದೆಯೇ ಎಂದು ಸಹಕಾರ ಇಲಾಖೆಯಲ್ಲಿ ವಿಚಾರಿಸಬಹುದು. ಚೀಟಿ ಕಾಯ್ದೆಯ ಪ್ರಕಾರ ಚೀಟಿ ನಡೆಸುವ ಫೋರ್‌ಮನ್ ಕಮಿಷನ್ ಶೇ 7 ಮೀರುವಂತಿಲ್ಲ.

ಈಗ ನೇರದಾರಿಯ ಮಾತು. ಅದು ಉದ್ದವಿದೆ, ಬೇಸರ ತರಿಸುತ್ತದೆ. ಆದರೆ ಅದರ ಪ್ರತಿ ಮೈಲಿಗಲ್ಲೂ ಎಲ್ಲರಿಗೂ ಕಾಣುವಂತೆ ನೆಟ್ಟಿದೆ. ಅಧಿಸೂಚನೆಯನ್ನು ಕೆಪಿಎಸ್‌ಸಿ, ಪರೀಕ್ಷಾ ಪ್ರಾಧಿಕಾರ, ಪೊಲೀಸ್ ಇಲಾಖೆಯ ಸ್ವಂತ ಜಾಲತಾಣದಲ್ಲೇ ಓದಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರವನ್ನಲ್ಲ. ಪೂರ್ತಿ ಓದಿ. ಪಠ್ಯಕ್ರಮ, ವಯೋಮಿತಿ, ಮೀಸಲಾತಿಗೆ ಬೇಕಾದ ಪ್ರಮಾಣಪತ್ರದ ನಮೂನೆ ಎಲ್ಲ ಅದರಲ್ಲೇ ಇರುತ್ತದೆ. ಎಷ್ಟೋ ಜನ ಸೋಲುವುದು ಪರೀಕ್ಷೆಯಲ್ಲಲ್ಲ, ತಹಶೀಲ್ದಾರ್ ಕಚೇರಿಯಿಂದ ಸರಿಯಾದ ಪ್ರಮಾಣಪತ್ರ ಸಕಾಲಕ್ಕೆ ತರದೆ.

ಮಂಡಿಕಲ್ ಕಡೆಯವರಿಗೆ ಒಂದು ವಿಶೇಷ ಕಿವಿಮಾತು. ಮನೆಮಾತು ತೆಲುಗು ಆಗಿರುವವರು ಇಲ್ಲಿ ಬಹಳ. ಮಾತಾಡುವಾಗ ಕನ್ನಡ ಸರಾಗ, ಬರೆಯಲು ಕೂತರೆ ಕೈ ತಡೆಯುತ್ತದೆ. ಇಂಥ ಹಲವು ಪರೀಕ್ಷೆಗಳಲ್ಲಿರುವ ಕಡ್ಡಾಯ ಕನ್ನಡ ಪತ್ರಿಕೆಗೆ 150 ಅಂಕ, ಅದರಲ್ಲಿ 50 ಬಾರದಿದ್ದರೆ ಮಿಕ್ಕ ಪತ್ರಿಕೆ ಎಷ್ಟು ಚೆನ್ನಾಗಿ ಬರೆದರೂ ಉಪಯೋಗವಿಲ್ಲ. ‘ಕನ್ನಡ ತಾನೇ’ ಎಂದು ಅಸಡ್ಡೆ ಮಾಡಬೇಡಿ. ದಿನಾ ಒಂದು ಪುಟ ಕೈಯಿಂದ ಬರೆಯಿರಿ: ಪತ್ರ, ಪ್ರಬಂಧ, ಪತ್ರಿಕೆಯ ಸಂಪಾದಕೀಯದ ಸಾರಾಂಶ. ಅಲ್ಪಪ್ರಾಣ ಮಹಾಪ್ರಾಣ ತಿದ್ದಲು ಊರಿನ ಕನ್ನಡ ಮೇಷ್ಟ್ರಿಗಿಂತ ಒಳ್ಳೆಯ ಕೋಚಿಂಗ್ ಇಲ್ಲ. ಸಾಮಾನ್ಯ ಜ್ಞಾನಕ್ಕೆ ದಪ್ಪ ಗೈಡುಗಳನ್ನು ಕೊಳ್ಳುವ ಮೊದಲು ಆರರಿಂದ ಹತ್ತನೇ ತರಗತಿಯ ಸರ್ಕಾರಿ ಸಮಾಜ ವಿಜ್ಞಾನ, ವಿಜ್ಞಾನ ಪುಸ್ತಕಗಳನ್ನು ಮುಗಿಸಿ. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಅವು ಬಿಟ್ಟಿ ಸಿಗುತ್ತವೆ. ಪಂಚಾಯಿತಿ ಗ್ರಂಥಾಲಯ, ಈಗಿನ ಹೆಸರಿನಲ್ಲಿ ‘ಅರಿವು ಕೇಂದ್ರ’, ಪತ್ರಿಕೆ ಓದಲಿಕ್ಕೆ ಇದೆ.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುವ ಪರೀಕ್ಷೆಯಲ್ಲಿ ಊಹೆ ಮಾಡಬಾರದು ಎನ್ನುವ ಮಾತು ಪೂರ್ತಿ ಸರಿಯಲ್ಲ. ನಾಲ್ಕು ಆಯ್ಕೆಗಳಲ್ಲಿ ಎರಡು ತಪ್ಪೆಂದು ಖಚಿತವಾದರೆ ಉಳಿದ ಎರಡರಲ್ಲಿ ಒಂದನ್ನು ಗುರುತು ಮಾಡಿ. ಅಂಥ ಎಂಟು ಪ್ರಶ್ನೆಗಳಲ್ಲಿ ಸರಾಸರಿ ನಾಲ್ಕು ಸರಿ, ನಾಲ್ಕು ತಪ್ಪು. ನಾಲ್ಕು ಅಂಕ ಬಂದು ಒಂದು ಕಳೆದು ಮೂರು ಉಳಿಯುತ್ತದೆ. ಏನೂ ಗೊತ್ತಿಲ್ಲದ ಕಡೆ ಇಂಥ ಲಾಭ ಇಲ್ಲವೆನ್ನುವಷ್ಟು ಕಡಿಮೆ. ಎರಡು ಆಯ್ಕೆ ಹೊಡೆದುಹಾಕುವಷ್ಟು ಓದಿರುವುದೇ ಇಲ್ಲಿನ ಬಂಡವಾಳ.

ಪೊಲೀಸ್ ಕಾನ್‌ಸ್ಟೆಬಲ್‌ಗೆ ಪ್ರಯತ್ನಿಸುವವರು ಓಟವನ್ನು ಲಿಖಿತ ಪರೀಕ್ಷೆ ಮುಗಿದ ಮೇಲೆ ಶುರು ಮಾಡಬಾರದು. ಗಂಡಸರಿಗೆ 1,600 ಮೀಟರು, ಆರೂವರೆ ನಿಮಿಷ. ನಾನೂರು ಮೀಟರಿನ ನಾಲ್ಕು ಸುತ್ತು ಎಂದಿಟ್ಟುಕೊಂಡರೆ ಸುತ್ತಿಗೆ ತೊಂಬತ್ತೇಳು ಸೆಕೆಂಡು. ಮೊದಲ ಸುತ್ತನ್ನು ಎಂಬತ್ತಕ್ಕೆ ಓಡಿ ಮೂರನೆಯದರಲ್ಲಿ ಸುಸ್ತಾಗುವುದು ಹೊಸಬರು ಮಾಡುವ ತಪ್ಪು. ಕೆರೆ ಏರಿ ಮೇಲೋ ಶಾಲೆ ಮೈದಾನದಲ್ಲೋ ದೂರ ಅಳೆದು, ಒಂದೇ ವೇಗದ ಸುತ್ತುಗಳನ್ನು ಅಭ್ಯಾಸ ಮಾಡಿ. ತಿಂಗಳುಗಟ್ಟಲೆ ಬೇಕು.

ಎಷ್ಟು ವರ್ಷ ಎಂಬುದನ್ನೂ ಮೊದಲೇ ನಿರ್ಧರಿಸಿಕೊಳ್ಳಿ. ಇದನ್ನು ಯಾವ ಕೋಚಿಂಗ್ ಸೆಂಟರೂ ಹೇಳುವುದಿಲ್ಲ, ಏಕೆಂದರೆ ಅವರಿಗೆ ನಿಮ್ಮ ಐದನೇ ವರ್ಷದ ಫೀಸೂ ಬೇಕು. ಸಾವಿರ ಹುದ್ದೆಗೆ ಲಕ್ಷಗಟ್ಟಲೆ ಜನ ಬರೆಯುವಾಗ ಪ್ರಾಮಾಣಿಕವಾಗಿ ಓದಿದವರಲ್ಲೂ ಹೆಚ್ಚಿನವರಿಗೆ ಸಿಗುವುದಿಲ್ಲ. ಶ್ರಮಪಟ್ಟರೆ ಸಿಕ್ಕೇ ಸಿಗುತ್ತದೆ ಎಂದು ಹೇಳುವುದೂ ಒಂದು ಸುಳ್ಳು ಗ್ಯಾರಂಟಿಯೇ. ಎರಡೋ ಮೂರೋ ಸರದಿ ಎಂದು ಗೆರೆ ಎಳೆದುಕೊಳ್ಳಿ, ಆ ಅವಧಿಯಲ್ಲೇ ಎರಡು ಹಸುವೋ, ಅರ್ಧ ಎಕರೆ ಹಿಪ್ಪುನೇರಳೆಯೋ, ಕಂಪ್ಯೂಟರ್ ಅಕೌಂಟಿಂಗೋ, ಏನಾದರೊಂದು ಜೊತೆಗಿರಲಿ. ಕೈಯಲ್ಲಿ ಇನ್ನೊಂದು ಕಸುಬಿರುವ ಹುಡುಗನ ಹತ್ತಿರ ಬ್ರೋಕರ್ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಈಗಾಗಲೇ ದುಡ್ಡು ಕೊಟ್ಟು ಸಿಕ್ಕಿಕೊಂಡಿದ್ದರೆ? ಸ್ಟಾಂಪ್ ಪೇಪರಿನಲ್ಲಿ ಬರೆಸಿಕೊಂಡಿದ್ದೇನೆ, ಚೆಕ್ ಇದೆ ಎಂಬ ಧೈರ್ಯ ಬೇಡ. ಲಂಚಕ್ಕಾಗಿ ಮಾಡಿಕೊಂಡ ಕರಾರು 1872ರ ಕರಾರು ಕಾಯ್ದೆಯ 23ನೇ ಕಲಂ ಪ್ರಕಾರ ಊರ್ಜಿತವಲ್ಲ. ಕಾನೂನು ಒಪ್ಪುವ ಸಾಲಕ್ಕೆ ಕೊಟ್ಟ ಚೆಕ್ ಅಲ್ಲದಿದ್ದರೆ ಚೆಕ್ ಬೌನ್ಸ್ ಕೇಸೂ ನಿಲ್ಲುವುದು ಕಷ್ಟ. ಲಂಚ ಕೊಡುವುದೂ ಅಪರಾಧ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯಂತೆ, ಬಲವಂತಕ್ಕೆ ಸಿಕ್ಕಿ ಕೊಟ್ಟವರು ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಮಾತ್ರ ವಿನಾಯಿತಿ. ಆದ್ದರಿಂದ ದೂರು ಬರೆಯುವ ಮೊದಲು ವಕೀಲರನ್ನು ಕಾಣುವುದು ಲೇಸು. ತಾಲ್ಲೂಕು ನ್ಯಾಯಾಲಯಗಳಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ವಕೀಲರ ನೆರವು ಉಚಿತ, ಸಹಾಯವಾಣಿ 15100. ಆಮಿಷ ಫೋನಿನಲ್ಲೋ ಆ್ಯಪ್‌ನಲ್ಲೋ ಬಂದು ಆನ್‌ಲೈನಿನಲ್ಲಿ ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ತಿಳಿಸಿದರೆ ಆ ಖಾತೆಯಲ್ಲಿ ದುಡ್ಡು ಇರುವಾಗಲೇ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ವಂಚನೆಯ ದೂರು ಹಿಂದೆ 420ನೇ ಕಲಂ ಅಡಿ ದಾಖಲಾಗುತ್ತಿತ್ತು, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 318. ವಾಟ್ಸ್‌ಆ್ಯಪ್ ಮಾತುಕತೆ, ಫೋನ್‌ಪೇ ವಿವರ ಯಾವುದನ್ನೂ ಅಳಿಸಬೇಡಿ.

‘ವೆರಿಫಿಕೇಶನ್’ ಎಂದು ಹೇಳಿ ಮೂಲ ಅಂಕಪಟ್ಟಿ ಇಟ್ಟುಕೊಂಡು ಸತಾಯಿಸುವವರೂ ಇದ್ದಾರೆ. ಅದನ್ನು ಬಿಡಿಸಿಕೊಳ್ಳಲು ಮತ್ತೆ ದುಡ್ಡು ಕೊಡಬೇಡಿ. ಪೊಲೀಸರಿಗೆ ದೂರು ಕೊಟ್ಟು, ಅದರ ಸ್ವೀಕೃತಿ ಇಟ್ಟುಕೊಂಡು, ಎಸ್ಸೆಸ್ಸೆಲ್ಸಿ ಮಂಡಳಿಗೆ ಶಾಲೆಯ ಮೂಲಕ ಎರಡನೇ ಪ್ರತಿಗೆ ಅರ್ಜಿ ಹಾಕಬಹುದು.